ಸುರಗಿಯ ವಿಡಿಯೋ

ನನ್ನ ಗಂಡನಿಗೆ ಎಲೆ ಅಡಿಕೆಯ ಚಟವಿಲ್ಲ, ಇಸ್ಪೀಟಿನ ಹುಚ್ಚಿಲ್ಲ. ಇರುವುದು ಒಂದೇ, ಕಾಪಿ ಮಾಡುವುದು. ಕಂಪ್ಯೂಟರಿನಲ್ಲಿ ಏನು ಕಂಡರೂ ಅದರದೊಂದು ಕಾಪಿ ಇನ್ನೊಂದು ಕಡೆ ಇರಲೇಬೇಕು. ಮಿಕ್ಸರಿನ ಗ್ಯಾರಂಟಿ ಕಾರ್ಡು, ಮಗಳು ಬಾಲವಾಡಿಯಲ್ಲಿ ಬರೆದ ಆನೆ, ಬಾಜು ಮನೆಯವರ ವಾಸ್ತುಶಾಂತಿಯ ಫೋಟೋ, ಎಲ್ಲವೂ ನಮ್ಮ ಹಾರ್ಡ್ ಡಿಸ್ಕಿನಲ್ಲಿ ಭದ್ರ. "ಅವರ ವಾಸ್ತುಶಾಂತಿ ನಮಗ್ಯಾಕ್ರಿ?" ಎಂದು ಕೇಳಿದರೆ, "ನಾಳೆ ಅವರದು ಹೋತಂದ್ರ ಯಾರ್ನ ಕೇಳಬೇಕು ಅವರು?" ಎನ್ನುತ್ತಾರೆ. ಬಾಜು ಮನೆಯವರು ಇದುವರೆಗೂ ಕೇಳಲು ಬಂದಿಲ್ಲ.

ಈ ಹಾರ್ಡ್ ಡಿಸ್ಕ್ ಎಂದರೆ ಅಂಗೈಯಷ್ಟು ಅಗಲದ ಒಂದು ಕಪ್ಪು ಡಬ್ಬಿ. ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯಲ್ಲಿ ಅದಕ್ಕಿರುವ ಮರ್ಯಾದೆ ನನಗಿಲ್ಲ. ಕಪಾಟಿನ ಮೇಲಿನ ಖಾನೆಯಲ್ಲಿ ಹಳೆಯ ಬನಿಯನ್ ಸುತ್ತಿಕೊಂಡು ಮಲಗಿರುತ್ತದೆ. ಖಂಡೇಪೂಜೆಯ ದಿನ ಸುತ್ತಿಗೆ, ಸ್ಕ್ರೂಡ್ರೈವರುಗಳ ಜೊತೆ ಮಣೆಯ ಮೇಲೆ ಕೂತು ಕುಂಕುಮ ಹಚ್ಚಿಸಿಕೊಳ್ಳುತ್ತದೆ. ಒಳಗೆ ತೆರೆದು ನೋಡಿದರೆ 'ಮದುವೆ' ಎಂಬ ಫೋಲ್ಡರು. ಅದರ ಕೆಳಗೆ 'ಮದುವೆ ಹೊಸದು', ಆಮೇಲೆ 'ಮದುವೆ ಕೊನೆಯದು', ಆಮೇಲೆ 'ಮದುವೆ ಇದೇ ಖರೇ ಕೊನೆಯದು'. ಆ ಮನುಷ್ಯನಿಗೆ ಆಗಿದ್ದು ಒಂದೇ ಮದುವೆ, ಅದೂ ನನ್ನ ಜೊತೆ.

ಇಷ್ಟೆಲ್ಲ ಕೂಡಿಟ್ಟರಲ್ಲ, ಒಂದು ದಿನವಾದರೂ ಕೂತು ನೋಡಿದರೇ ಎಂದರೆ ಅದೂ ಇಲ್ಲ. ಕಾಪಿ ಮಾಡುವುದು ಬೇರೆ, ನೋಡುವುದು ಬೇರೆ. ಅವರಿಗೆ ಆಸಕ್ತಿ ಇರುವುದು ಮೊದಲನೆಯದರಲ್ಲಿ ಮಾತ್ರ. ನೋಡಿದ್ದರೆ ನಮ್ಮ ಮನೆತನದ ದೊಡ್ಡ ಜಗಳ ಎಂದೋ ಮುಗಿದುಹೋಗುತ್ತಿತ್ತು.

ಜಗಳ ನಮ್ಮವ್ವನಿಗೂ ಮಾವಶಿಗೂ. ಅವ್ವನ ತಂಗಿಯನ್ನು ನಮ್ಮ ಕಡೆ ಮಾವಶಿ ಅನ್ನುತ್ತೇವೆ. ಅವ್ವ ಇರುವುದು ಮಹಾಂತೇಶ ನಗರದಲ್ಲಿ, ಮಾವಶಿ ಖಾನಾಪುರದಲ್ಲಿ. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯ ದಾರಿ. ನನ್ನ ಮದುವೆಯಾದ ವಾರದಿಂದ ಇಬ್ಬರಿಗೂ ಮಾತಿಲ್ಲ. ನನ್ನ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ.

ಕಾರಣ ಸುರಗಿ. ಮದುವೆಗೆ ಮುಂಚೆ ನಮ್ಮಲ್ಲಿ ಮಾಡುವ ಶಾಸ್ತ್ರ ಅದು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಸುತ್ತ ದಾರ ಸುತ್ತಿ, ನಡುವೆ ಮದುವೆಯ ಹುಡುಗಿಯ ಜೊತೆ ಮುತ್ತೈದೆಯರನ್ನು ಕೂರಿಸಿ ಅರಿಶಿನ ಹಚ್ಚಿ ನೀರು ಹಾಕುತ್ತಾರೆ. ಹಾಗೆ ಸುರಗಿಗೆ ಕೂಡ್ರುವುದು ದೊಡ್ಡ ಮಾನ. ನನ್ನ ಸುರಗಿಗೆ ತನ್ನನ್ನು ಕರೆಯಲೇ ಇಲ್ಲ ಎಂದು ಮಾವಶಿ. ಗಂಟಲು ಹರಿಯುವಂತೆ ಕರೆದೆ, ಆಕೆ ಚಹಾ ಕುಡಿಯುತ್ತ ಕೂತಳು, ಏಳಲೇ ಇಲ್ಲ ಎಂದು ಅವ್ವ.

ನಡುವೆ ಕೂತವಳು ನೀನೇ ಅಲ್ಲವೇ, ನಿನಗೆ ಗೊತ್ತಿಲ್ಲವೇ ಎಂದು ಯಾರಾದರೂ ಕೇಳಬಹುದು. ಎಲ್ಲರೂ ಕೇಳಿದ್ದಾರೆ. ಕಣ್ಣಿನ ತುಂಬ ಎಣ್ಣೆ, ಮೂಗಿನ ತುಂಬ ಅರಿಶಿನ, ಮೇಲಿಂದ ತಣ್ಣೀರು. ಆ ಹೊತ್ತಿನಲ್ಲಿ ನನಗೆ ಕಂಡದ್ದು ನನ್ನ ಕಾಲಿನ ಬೆರಳು ಮಾತ್ರ. ಜೊತೆಗೆ ಕೂತಿದ್ದ ಹೆಂಗಸರನ್ನು ಕೇಳಿದರೆ ಒಬ್ಬಾಕೆ ಅವ್ವನ ಪಕ್ಷ, ಒಬ್ಬಾಕೆ ಮಾವಶಿಯ ಪಕ್ಷ, ಉಳಿದವರು ಜಾಣರು, ನೆನಪಿಲ್ಲ ಎಂದುಬಿಟ್ಟರು.

ಜಗಳವೆಂದರೆ ಎಲ್ಲ ಮುರಿದುಹೋಗಿತ್ತು ಎಂದಲ್ಲ. ಸುಗ್ಗಿ ಮುಗಿದ ಮೇಲೆ ಮಾವಶಿಯ ಗಂಡ ಜಾಂಬೋಟಿ ಕಡೆಯ ಗದ್ದೆಯ ಹೊಸ ಅಕ್ಕಿ ತಂದು ಅವ್ವನ ಮನೆಗೆ ಹಾಕಿ ಹೋಗುತ್ತಿದ್ದರು. "ಇದು ಮೈದುನ ತಂದದ್ದು, ಆಕಿ ಕೊಟ್ಟಿದ್ದಲ್ಲ" ಎಂದು ಅವ್ವ ಇಳಿಸಿಕೊಳ್ಳುತ್ತಿದ್ದಳು. ಹೋಗುವಾಗ ಅವರ ಕೈಗೆ ಒಂದು ಡಬ್ಬಿ ಕುಂದಾ. "ಇದು ನಿಮಗ, ಆಕೀಗಲ್ಲ" ಎಂದು ಕೊಡುತ್ತಿದ್ದಳು. ಮಾವಶಿಯ ಗಂಡನಿಗೆ ಸಕ್ಕರೆ ಕಾಯಿಲೆ. ಕುಂದಾ ಯಾರ ಹೊಟ್ಟೆಗೆ ಹೋಗುತ್ತದೆಂದು ಊರಿಗೆಲ್ಲ ಗೊತ್ತಿತ್ತು.

ಹೀಗಿರುವಾಗ ಕಳೆದ ವರ್ಷ ಮಾವಶಿಯ ಮಗಳ ಲಗ್ನ ಗೊತ್ತಾಯಿತು. ಆ ಹುಡುಗಿ ಹುಟ್ಟಿದಾಗ ಬಾಣಂತನ ಮಾಡಿ, ಕಾಲ ಮೇಲೆ ಹಾಕಿಕೊಂಡು ಎರೆದವಳು ನಮ್ಮವ್ವ. ಅವಳ ಮದುವೆಗೆಂದು ಒಂದು ಇಳಕಲ್ ಸೀರೆ ಯಾವಾಗಲೋ ತಂದು ಟ್ರಂಕಿನ ತಳದಲ್ಲಿಟ್ಟಿದ್ದಳು. ಕೇಳಿದರೆ ಅದು ತನಗೇ ಎನ್ನುತ್ತಿದ್ದಳು. ಆ ಬಣ್ಣ ಅವ್ವ ಹುಟ್ಟಿದಾಗಿನಿಂದ ಉಟ್ಟದ್ದಿಲ್ಲ.

ಆ ಹುಡುಗಿಯೇ ನನಗೆ ಫೋನ್ ಮಾಡಿದಳು. "ಅಕ್ಕಾ, ಅವ್ವ ಒಂದ ಹಟ ಹಿಡದಾಳ. ದೊಡ್ಡವ್ವನ್ನ ನನ್ನ ಸುರಗಿಗೆ ಕುಂದರಸಬೇಕಂದ್ರ, ದೊಡ್ಡವ್ವನೇ ನಿನ್ನ ಸುರಗಿ ವಿಡಿಯೋ ತಗೊಂಡು ಇಲ್ಲಿಗೆ ಬರಬೇಕಂತ. ಕರದದ್ದು ಅದ್ರಾಗ ಇದ್ರ ಕಾಲಿಗೆ ಬೀಳ್ತಾಳಂತ. ಇಲ್ಲಾಂದ್ರ ದೊಡ್ಡವ್ವ ಲಗ್ನಕ್ಕ ಬರೂದ ಬ್ಯಾಡಂತ."

ಸುದ್ದಿ ಮುಟ್ಟಿಸಿದಾಗ ಅವ್ವ ಭಾಕರಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಬೀಳ್ಲಿ. ಕಾಲ ತೊಳಕೊಂಡ ಹೋಗ್ತೀನಿ" ಎಂದಳು. ಆದರೆ ತವೆಯ ಮೇಲಿದ್ದ ಭಾಕರಿ ಕರಿಕಾಯಿತು. ನಮ್ಮವ್ವನ ಭಾಕರಿ ಕರಿಕಾದದ್ದನ್ನು ನಾನು ನೋಡಿದ್ದು ಅವತ್ತೇ. ಅವಳಿಗೆ ಆ ಲಗ್ನಕ್ಕೆ ಹೋಗದೆ ಇರಲು ಸಾಧ್ಯವಿರಲಿಲ್ಲ, ಹಾಗೇ ಹೋಗಲು ಮಾನ ಬಿಡುತ್ತಿರಲಿಲ್ಲ.

ಮದುವೆಯ ದಿನದ್ದನ್ನು ಫೋಟೋದವರು ಹಾಡು ಗೀಡು ಹಾಕಿ ಕೊಟ್ಟಿದ್ದರು. ಸುರಗಿಯದನ್ನು ಮಾತ್ರ ಹಾಗೇ ಹಸಿಹಸಿಯಾಗಿ ನಮ್ಮವರ ಹಾರ್ಡ್ ಡಿಸ್ಕಿಗೆ ಸುರುವಿದ್ದರು. ನಮ್ಮವರಿಗೆ ತಮ್ಮ ಕಾಪಿಗೆ ಕೊನೆಗೂ ಒಂದು ಗಿರಾಕಿ ಬಂತಲ್ಲ ಎಂದು ಹಿಗ್ಗೋ ಹಿಗ್ಗು. "ನೋಡಿದ್ಯಾ? ಕೂಡಿಟ್ಟದ್ದು ಯಾವತ್ತರ ಬೇಕಾಗ್ತದ" ಎಂದು ಡಿಸ್ಕನ್ನು ಕಪಾಟಿನಿಂದ ಇಳಿಸಿ ಕಂಪ್ಯೂಟರಿಗೆ ಚುಚ್ಚಿದರು. ಅದರಿಂದ ಪೆನ್ ಡ್ರೈವಿಗೆ ಕಾಪಿಯಾಗಲು ಹಚ್ಚಿ, ವಿಡಿಯೋ ಒಯ್ಯಲು ಬಂದಿದ್ದ ಅವ್ವನನ್ನು ಪಕ್ಕದಲ್ಲಿ ಕೂರಿಸಿ ಸ್ನಾನಕ್ಕೆ ಹೋದರು.

ನಮ್ಮವ್ವನಿಗೊಂದು ಸ್ವಭಾವ. ಎಲ್ಲಿ ಲೈಟು ಹತ್ತಿದ್ದರೂ ಆರಿಸಬೇಕು. ಮದುವೆ ಮನೆಗೆ ಹೋದರೂ ಬಚ್ಚಲಿನ ಲೈಟು ಆರಿಸಿಯೇ ಊಟಕ್ಕೆ ಕೂಡ್ರುತ್ತಾಳೆ, ಒಳಗೆ ಯಾರಿದ್ದಾರೆ ಎಂದೂ ನೋಡುವುದಿಲ್ಲ. ಡಿಸ್ಕಿನ ಮೂಲೆಯಲ್ಲಿ ಒಂದು ನೀಲಿ ದೀಪ ಪಿಳಿಪಿಳಿ ಅನ್ನುತ್ತಿತ್ತು. ಅವ್ವ ಸ್ವಲ್ಪ ಹೊತ್ತು ತಡೆದುಕೊಂಡಳು. ಆಮೇಲೆ ವೈರ್ ಹಿಡಿದು ಜಗ್ಗಿದಳು. ಡಿಸ್ಕು ಟೇಬಲಿನಿಂದ ಹಾರಿ ಫರಸಿಯ ಮೇಲೆ ಬಿತ್ತು.

ನಮ್ಮವರು ಮೈಗೆ ಸಾಬೂನು ಇದ್ದ ಹಾಗೇ ಓಡಿಬಂದರು. ಮತ್ತೆ ಚುಚ್ಚಿದರೆ ಒಳಗಿಂದ ಟಕ್ ಟಕ್ ಎಂಬ ಸದ್ದು ಮಾತ್ರ. "ನಾ ಏನ್ ಮಾಡ್ಲಿ, ಕರೆಂಟ್ ಸುಮ್ನ ಸುಡಾಕತ್ತಿತ್ತು" ಎಂದಳು ಅವ್ವ. ಅಳಿಯನ ಮುಖ ನೋಡಿ ಸ್ವಲ್ಪ ಸಣ್ಣ ದನಿಯಲ್ಲಿ, "ಬ್ಯಾರೆ ಕಾಪಿ ಅದ ಅಲ್ರಿ? ಯಾವಾಗ್ಲೂ ಕಾಪಿ ಕಾಪಿ ಅಂತೀರಿ" ಎಂದು ಕೇಳಿದಳು.

ಇತ್ತು. ಬೇಕಾದಷ್ಟಿತ್ತು. ಎಲ್ಲವೂ ಅದೇ ಡಿಸ್ಕಿನೊಳಗಿತ್ತು.

"ಒಂದ ಕಾಪಿ ಖಾನಾಪುರಕ್ಕ ಕೊಟ್ಟೀನಿ" ಎಂದರು ನಮ್ಮವರು, ತಲೆ ಒರೆಸಿಕೊಳ್ಳುತ್ತ. "ಮದುವಿಯಾದ ವರ್ಷನ ಸಣ್ಣ ಡಿಸ್ಕಿನ್ಯಾಗ ಹಾಕಿ ಮಾವಶಿ ಕೈಯಾಗ ಕೊಟ್ಟೀನಿ." ನಾನು ಫೋನ್ ಮಾಡಿದೆ. ಮಾವಶಿಗೆ ಸಿಟ್ಟು ಬಂದರೆ ಮರಾಠಿ ಬರುತ್ತದೆ. ಅವತ್ತು ಪೂರ್ತಿ ಮರಾಠಿಯಲ್ಲೇ ಹೇಳಿದಳು, ತನಗೆ ಯಾರೂ ಏನೂ ಕೊಟ್ಟಿಲ್ಲ, ಕೊಡುವ ಜನವೂ ನಾವಲ್ಲ ಎಂದು. ನಮ್ಮವರು ಕೊಟ್ಟೀನಿ ಕೊಟ್ಟೀನಿ ಎಂದು ದೇವರ ಮೇಲೆ ಆಣೆ ಮಾಡಿದರು. ಅವರ ಆಣೆಯನ್ನು ನಾನು ನಂಬಲಿಲ್ಲ. ಪ್ಲಂಬರಿಗೆ ಫೋನ್ ಮಾಡೀನಿ ಎಂದೂ ಅವರು ಹೀಗೇ ಆಣೆ ಮಾಡುತ್ತಾರೆ.

ಪೇಟೆಯ ಒಂದು ಗಲ್ಲಿಯಲ್ಲಿ ಕೆಟ್ಟ ಡಿಸ್ಕಿನಿಂದ ಫೈಲು ತೆಗೆದುಕೊಡುವ ಅಂಗಡಿಯಿದೆ ಎಂದು ಗೊತ್ತಾಗಿ ಮೂವರೂ ಹೋದೆವು. ಅಂಗಡಿಯವರು ಸತ್ತ ಡಿಸ್ಕೊಂದನ್ನು ಬಿಚ್ಚಿ, ಒಳಗಿನ ಹೊಳೆಯುವ ತಟ್ಟೆಯನ್ನು ಗೋಡೆಗೆ ಮೊಳೆ ಹೊಡೆದು ಕನ್ನಡಿ ಮಾಡಿಕೊಂಡಿದ್ದರು. ನಾವು ಹೋದಾಗ ಅದರಲ್ಲಿ ನೋಡಿಕೊಂಡು ಮೀಸೆ ಬಾಚುತ್ತಿದ್ದರು. ನಮ್ಮ ಡಿಸ್ಕನ್ನು ಕಿವಿಗೆ ಹಿಡಿದರು, ಮೂಸಿದರು, ಸಂದಿಯಿಂದ ಉಗುರಿನಲ್ಲಿ ಕುಂಕುಮ ಕೆರೆದರು.

"ಪೂಜಿ ಮಾಡೀರೇನ್ರಿ?"

"ವರ್ಷಕ್ಕೊಮ್ಮೆ" ಎಂದರು ನಮ್ಮವರು, ಹೆಮ್ಮೆಯಿಂದ.

"ಇನ್ನ ಮ್ಯಾಲೆ ದೂರಿಂದ ಕೈ ಮುಗೀರಿ ಸರ್, ಸಾಕು. ಈಗ ಇದು ಭಾಳ ಹೊತ್ತು ನಡಿಯಾಂಗಿಲ್ಲ. ತಗೀತಾ ತಗೀತಾ ನಡುವ ಕೈ ಕೊಡಬಹುದು. ಮೊದಲ ಏನ್ ಬೇಕ್ ಹೇಳ್ರಿ."

"ಎಲ್ಲಾ ಬೇಕು" ಎಂದರು ನಮ್ಮವರು.

"ಸುರಗಿ!" ಎಂದಳು ಅವ್ವ, ಅಂಗಡಿ ಅದುರುವಂತೆ.

ಅಂಗಡಿಯವರು ದಖ್ಖನಿ ಮಾತಿನ ಸಾಹೇಬರು, ಆದರೆ ಬೆಳಗಾವಿಯಲ್ಲಿ ಹುಟ್ಟಿದವರಿಗೆ ಸುರಗಿ ಎಂದರೇನೆಂದು ಹೇಳಿಕೊಡಬೇಕಿಲ್ಲ. ಯಾರ ಸುರಗಿ, ಏನು ಕತೆ ಎಂದು ಕೇಳಿದರು. ಅವ್ವ ಕುರ್ಚಿ ಎಳೆದುಕೊಂಡು ಮೊದಲಿನಿಂದ ಹೇಳಿದಳು. ಅವರು ಡಿಸ್ಕು ಬದಿಗಿಟ್ಟು ಕೇಳಿದರು. ಕೇಳಿ ಮುಗಿದ ಮೇಲೆ, ತಮ್ಮ ಮನೆಯಲ್ಲೂ ಬಿರಿಯಾನಿಯ ಮೊದಲ ತಾಟು ಯಾರಿಗೆ ಹೋಯಿತು ಎಂಬುದರ ಮೇಲೆ ಇಬ್ಬರು ಸೋದರತ್ತೆಯರು ಮುಖ ನೋಡುವುದನ್ನು ಬಿಟ್ಟಿದ್ದಾರೆಂದೂ, ದುರ್ದೈವದಿಂದ ಅದರ ವಿಡಿಯೋ ಇಲ್ಲವೆಂದೂ ಹೇಳಿದರು. ಅವ್ವನಿಗೆ ಅವರ ಮೇಲೆ ಪೂರ್ತಿ ವಿಶ್ವಾಸ ಬಂತು.

ಅವರು ಕೆಲಸ ಶುರು ಮಾಡಿದ ಮೇಲೆ ನಮ್ಮವರು ಮಾಡಿದ್ದರ ಫಲ ಕಂಡಿತು. 'ಮದುವೆ' ತೆರೆದರೆ ಅರ್ಧಕ್ಕೆ ನಿಂತಿತು. 'ಮದುವೆ ಹೊಸದು' ತೆರೆಯಲೇ ಇಲ್ಲ. 'ಕೊನೆಯದು' ಎಂಬುದರಲ್ಲಿ ನನ್ನ ಮದುವೆಯ ಬದಲು ಬಾಜು ಮನೆಯವರ ವಾಸ್ತುಶಾಂತಿ ಇತ್ತು. "ಒಂದ ಮನ್ಯಾಗ ನಾಕ್ ತಿಜೂರಿ ಇಟ್ರ ಕಳ್ಳ ಬಂದಾಗ ನಾಕೂ ಹೋಗ್ತಾವಲ್ರಿ ಸರ್" ಎಂದು ಅಂಗಡಿಯವರು ನಿಟ್ಟುಸಿರುಬಿಟ್ಟರು. ನಮ್ಮವರು ಗೋಡೆಯ ಕನ್ನಡಿಯಲ್ಲಿ ತಮ್ಮ ಮುಖ ನೋಡುತ್ತ ನಿಂತಿದ್ದರು. ನನಗೆ ಆ ಹೊತ್ತು ಅವರ ಮೇಲೆ ಸಿಟ್ಟಿಗಿಂತ ಪಾಪ ಅನ್ನಿಸಿದ್ದೇ ಹೆಚ್ಚು. ಮಗಳ ಆನೆಯೂ ಅದರಲ್ಲೇ ಇತ್ತು.

ಎರಡು ವಾರ ನಾವು ಕಾದೆವು. ಅವ್ವ ಗಳಿಗೆಗೊಮ್ಮೆ ಅಂಗಡಿಗೆ ಫೋನ್ ಮಾಡಿ, "ಹೆಂಗದ ಈಗ?" ಎಂದು ಕೇಳುತ್ತಿದ್ದಳು. ಮೊದಲ ಸಲ ಕೇಳಿಸಿಕೊಂಡಾಗ ನಾನು, ಅಪ್ಪನಿಗೆ ಮೈಯಲ್ಲಿ ಹುಷಾರಿಲ್ಲ, ಡಾಕ್ಟರನ್ನು ಕೇಳುತ್ತಿದ್ದಾಳೇನೋ ಎಂದುಕೊಂಡೆ. ಲಗ್ನ ಹತ್ತಿರ ಬರುತ್ತಿತ್ತು. ಖಾನಾಪುರದಿಂದ ಪತ್ರಿಕೆ ಎಲ್ಲರ ಮನೆಗೂ ಬಂತು, ಅವ್ವನ ಮನೆಗೆ ಬರಲಿಲ್ಲ. ನಮ್ಮ ಮನೆಗೆ ಬಂದದ್ದನ್ನು ಅವ್ವ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, "ಅಕ್ಷರ ಭಾಳ ಸಣ್ಣವು" ಎಂದು ಟೇಬಲಿನ ಮೇಲಿಟ್ಟು ಎದ್ದು ಹೋದಳು.

ಕಡೆಗೆ 'ಇದೇ ಖರೇ ಕೊನೆಯದು' ಎಂಬುದರಿಂದ ಸುರಗಿ ಪೂರ್ತಿ ಸಿಕ್ಕಿತು. ಅದನ್ನು ಪೆನ್ ಡ್ರೈವಿಗೆ ತೆಗೆದುಕೊಂಡದ್ದೇ ತಡ, ಡಿಸ್ಕು ಟಕ್ ಅನ್ನುವುದನ್ನೂ ನಿಲ್ಲಿಸಿತಂತೆ. ಅಂಗಡಿಯವರು ವಿಡಿಯೋ ಹಚ್ಚಿ ತೋರಿಸಲು ಹೋದರೆ ಅವ್ವ ಅವರ ಕೈ ಹಿಡಿದಳು. "ಇಲ್ಲಿ ಬ್ಯಾಡ. ನಾವ್ ಮೊದಲ ನೋಡಿದ್ರ, ನೋಡಿ ಏನರ ಕತ್ತರಿಸ್ಯಾರ ಅಂತಾಳ ಆಕಿ. ಅಲ್ಲೇ, ಆಕಿ ಮುಂದ ನೋಡೂಣು." ಅವರಿಗೆ ತುಂಬಾ ನಿರಾಶೆಯಾಯಿತು. ಏನಾಯಿತೆಂದು ಆಮೇಲೆ ತಪ್ಪದೆ ಹೇಳಬೇಕೆಂದು ಮಾತು ತೆಗೆದುಕೊಂಡೇ ನಮ್ಮನ್ನು ಬಿಟ್ಟರು.

ಖಾನಾಪುರಕ್ಕೆ ಹೋಗುವ ದಿನ ಅವ್ವ ಪೆನ್ ಡ್ರೈವನ್ನು ರವಿಕೆಯ ಖಣದಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಇಳಕಲ್ ಸೀರೆ ಚೀಲದ ತಳದಲ್ಲಿತ್ತು. ನಾನು ನೋಡಿದರೂ ನೋಡದವಳಂತೆ ಇದ್ದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವ್ವ, "ಇವತ್ತ ಗೊತ್ತಾಗ್ತದ. ಇವತ್ತ ಗೊತ್ತಾಗ್ತದ" ಎನ್ನುತ್ತಿದ್ದಳು. ಊರು ಹತ್ತಿರವಾದಂತೆ ಅದೂ ನಿಂತಿತು. ಮಾವಶಿಯ ಅಂಗಳದಲ್ಲಿ ಅವ್ವ ಒಂದು ಗಳಿಗೆ ಹಾಗೇ ನಿಂತಳು. ಬಾಗಿಲಿಗೆ ಬೇರೆ ಬಣ್ಣ ಬಳಿದಿದ್ದರು.

ಮಾವಶಿ ಎಲ್ಲರಿಗೂ, "ಬರ್ರಿ, ಕುಂದರ್ರಿ" ಎಂದಳು. ಆ 'ಎಲ್ಲರಲ್ಲಿ' ಅವ್ವ ಸೇರಿದ್ದಾಳೋ ಇಲ್ಲವೋ ತಿಳಿಯದಂತೆ ಗೋಡೆಯ ಕಡೆ ನೋಡಿ ಹೇಳಿದಳು. ಚಹಾ ಬಂತು. ನಮಗೆಲ್ಲ ಕೈಗೆ ಕೊಟ್ಟು, ಅವ್ವನ ಕಪ್ಪನ್ನು ಮಾತ್ರ ಪಕ್ಕದ ಸ್ಟೂಲಿನ ಮೇಲಿಟ್ಟಳು. ಅವ್ವ ಅದನ್ನು ಸ್ಟೂಲು ಕೊಟ್ಟಿತೆಂಬಂತೆ ಎತ್ತಿಕೊಂಡು ಕುಡಿದಳು. ನಮ್ಮವರು ಟಿವಿಗೆ ಪೆನ್ ಡ್ರೈವ್ ಚುಚ್ಚಿದರು.

ಚಿತ್ರ ಬಂತು. ನಮ್ಮ ಹಳೆಯ ಮನೆಯ ಅಂಗಳ, ನಾಲ್ಕು ತಂಬಿಗೆ, ಗದ್ದಲ. ನಡುವೆ ಹಳದಿ ಮುದ್ದೆಯೊಂದು, ಅದು ನಾನು. ಸುತ್ತ ಕೂತ ಹೆಂಗಸರು ತಲೆತುಂಬ ಸೆರಗು ಹೊದ್ದಿದ್ದರು. ಅವರಲ್ಲೊಬ್ಬಾಕೆ ದಾರದ ಉಂಡೆ ಹಿಡಿದು ಆ ಕಡೆ ತಿರುಗಿ ಕೂತಿದ್ದಳು. ಆಕೆಯ ಹಿಂದಿನಿಂದ ಅವ್ವ ಕೊಡ ಹಿಡಿದು ಸದ್ದಿಲ್ಲದೆ ಬಂದು, ನನಗೆ ಹಾಕಬೇಕಾದ ನೀರನ್ನು ಆ ಹೆಂಗಸಿನ ತಲೆಯ ಮೇಲೆ ಸುರುವಿದಳು. ಆಕೆ ಚೀರಿ ತಿರುಗಿದಳು. ಮಾವಶಿ! ಸೆರಗಿನಿಂದ ನೀರು ಸುರಿಯುತ್ತಿತ್ತು. ಬಾಯಿ ತುಂಬ ನಗು. ಬೊಗಸೆಯಲ್ಲಿ ನೀರು ತೆಗೆದು ಅವ್ವನಿಗೆ ಎರಚಿದಳು. ಇಬ್ಬರೂ ನಗುತ್ತ ಒಬ್ಬರ ಮೈಮೇಲೊಬ್ಬರು ಬಿದ್ದರು.

ಕರೆದಿಲ್ಲ ಎಂದವಳು ಅಲ್ಲಿ ಕೂತಿದ್ದಳು. ಕರೆದರೂ ಬರಲಿಲ್ಲ ಎಂದವಳು ಅವಳಿಗೇ ನೀರು ಹಾಕುತ್ತಿದ್ದಳು.

ಮೊದಲು ಬಾಯಿ ಬಂದದ್ದು ಅವ್ವನಿಗೆ. "ಇದ್ಯಾವ ಮದುವಿ? ಅಳಿಯಂದಿರ, ನೀವು ಕಾಪಿ ಮಾಡೂ ಮುಂದ ಏನರ ಅದಲಿಬದಲಿ ಆಗೇತಿ ನೋಡ್ರಿ."

ನಮ್ಮವರಿಗೆ ಇಷ್ಟು ವರ್ಷದಲ್ಲಿ ಯಾರ ಮಾತೂ ಇಷ್ಟು ನಾಟಿರಲಿಲ್ಲ. "ಅತ್ತಿ, ಕಾಪಿ ಅಂದ್ರ ಹಂಗ ಆಗೂದಿಲ್ರಿ. ಮಂದಿ ಅದಲಿಬದಲಿ ಆಗೂದಿಲ್ರಿ ಅದ್ರಾಗ" ಎಂದು ಅಳುವ ದನಿಯಲ್ಲಿ ಹೇಳಿದರು.

"ಅವರದೇನೂ ತಪ್ಪಿಲ್ಲ" ಎಂದಳು ಮಾವಶಿ. ಎದ್ದು ಅಡುಗೆಮನೆಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದು, ಅಕ್ಕಿ ಸರಸರ ಅಂದ ಸದ್ದು ಕೇಳಿತು. ತಿರುಗಿ ಬಂದಾಗ ಕೈಯಲ್ಲಿ ಒಂದು ಸಣ್ಣ ಹಾರ್ಡ್ ಡಿಸ್ಕಿತ್ತು. ಖಾನಾಪುರದ ಮಳೆಗಾಲದಲ್ಲಿ ಗೋಡೆಗೂ ಬೂಷ್ಟು ಹಿಡಿಯುತ್ತದೆ. ಒಣಗಿರಬೇಕಾದದ್ದನ್ನೆಲ್ಲ ಆಕೆ ಅಕ್ಕಿಯಲ್ಲಿ ಹೂತಿಡುತ್ತಾಳೆ. ನಮ್ಮವರು ಕೊಟ್ಟದ್ದು ಖರೇ ಆಗಿತ್ತು.

"ಮದುವಿ ಆದ ವರ್ಷನ ನೋಡೀನಿ ಇದನ್ನ" ಎಂದಳು ಮಾವಶಿ. "ಅವತ್ತ ನಾ ಸಿಟ್ಟ ಮಾಡ್ಕೊಂಡ ಉಣ್ಣಲಾರದ ಬಂದಿದ್ದು ಬ್ಯಾರೆ ಯಾತಕ್ಕೋ. ಯಾತಕ್ಕ ಅಂತ ಈಗ ನನಗೂ ನೆನಪಿಲ್ಲ. ಸುರಗಿಗೆ ಕರೀಲಿಲ್ಲೇನು ಅಂತ ಮಂದಿ ಕೇಳಿದ್ರು, ಹೂಂ ಅಂದೆ."

"ಮಂದಿ ಬಂದು ಹಂಗ ಹೇಳಿದ್ರು. ನಾ ಕರದೀನಿ, ಆಕೀನ ಬರ್ಲಿಲ್ಲ ಅಂದೆ" ಎಂದಳು ಅವ್ವ ನಿಧಾನವಾಗಿ. "ಅಂದು ಅಂದು ನನಗೂ ಹಂಗ ಅನಸಾಕತ್ತಿತು." ಆಮೇಲೆ ದನಿ ಏರಿತು. "ನೋಡಿದ್ದಿ ಅಂದ ಮ್ಯಾಲ ಹೇಳಾಕ ಏನಾಗಿತ್ತ ನಿನಗ? ಇದ್ದ ಡಿಸ್ಕ ಇಲ್ಲಂದಿ. ಗಲ್ಲಿ ಗಲ್ಲಿ ತಿರಗಿಸಿದಿ ನನ್ನ!"

"ಹೇಳಿದ್ರ ನಾನ ಸೋತಂಗ ಆಗ್ತಿತ್ತು. ನೀ ಒಮ್ಮೆ ಬಂದು, ಯಾಕ ಸಿಟ್ಟಾದಿ ಅಂತ ಕೇಳ್ತಿ ಅಂತ ದಾರಿ ನೋಡಿದೆ. ನೀ ಬರ್ಲೇ ಇಲ್ಲ." ಮಾವಶಿಯ ಮಾತು ಅವತ್ತು ಮರಾಠಿಗೆ ತಿರುಗಲಿಲ್ಲ. "ಮಗಳ ಲಗ್ನ ಬಂತು. ವಿಡಿಯೋ ಅಂದ್ರರ ಜಿದ್ದಿಗೆ ಬಿದ್ದು ಬರ್ತಾಳ ಅಂತ ಹಂಗ ಹೇಳಿ ಕಳಿಸಿದೆ. ನನಗ ವಿಡಿಯೋ ಏನ್ ಮಾಡೂದದ ಅಕ್ಕಾ?"

ನನಗೆ ಸಿಟ್ಟು ಬಂತು, ಅಳುವೂ ಬಂತು. ಮುಕ್ಕಾಲು ಗಂಟೆಯ ದಾರಿಗೆ ಇಬ್ಬರೂ ಇಷ್ಟು ವರ್ಷ ಸುರಿದಿದ್ದರು. ಎಷ್ಟು ಪಂಚಮಿಗಳು, ಎಷ್ಟು ದೀಪಾವಳಿಗಳು. ನನ್ನ ಮಗಳಿಗೆ ಮಾವಶಿಯ ಮನೆಯ ಅಡುಗೆಮನೆ ಯಾವ ಕಡೆಗಿದೆ ಎಂದು ಗೊತ್ತಿಲ್ಲ. ಅಂಗಡಿಯವರು ಸತ್ತ ಡಿಸ್ಕಿನಿಂದ ಏನು ಬೇಕಾದರೂ ತೆಗೆದುಕೊಟ್ಟಾರು, ಅದನ್ನು ತೆಗೆದುಕೊಡಲಾರರು. ಇದನ್ನೆಲ್ಲ ಇಬ್ಬರಿಗೂ ಮುಖದ ಮೇಲೆ ಹೇಳಬೇಕೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಚೀಲದ ತಳಕ್ಕೆ ಕೈ ಹಾಕಿ ಇಳಕಲ್ ಸೀರೆ ತೆಗೆದು ಮಾವಶಿಯ ಮಡಿಲಿಗೆ ಎಸೆದಳು, ಕೊಟ್ಟಳು ಎನ್ನಲು ಬರುವುದಿಲ್ಲ. "ಹುಡುಗಿಗೆ" ಎಂದಳು. ಮಾವಶಿ ಅದನ್ನು ಮುಖಕ್ಕೆ ಒತ್ತಿಕೊಂಡಳು. ನಾನು ಬಾಯಿ ಮುಚ್ಚಿಕೊಂಡೆ.

ಅವ್ವ ಅವತ್ತು ನಮ್ಮ ಜೊತೆ ತಿರುಗಿ ಬರಲಿಲ್ಲ. ಲಗ್ನ ಮುಗಿಸಿಕೊಂಡೇ ಬರುತ್ತೇನೆ, ಅಪ್ಪನನ್ನು ಲಗ್ನದ ದಿನ ಕರೆದುಕೊಂಡು ಬಾ ಎಂದಳು. ನಮ್ಮವರು ಸಣ್ಣ ಡಿಸ್ಕನ್ನು ಕರ್ಚೀಫಿನಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ, "ಒಂದ ಕಾಪಿ ಬ್ಯಾರೆ ಊರಾಗ ಇರಬೇಕು ಅಂತ ನಾ ಅವತ್ತ ವಿಚಾರ ಮಾಡಿದ್ದೆ" ಎನ್ನುತ್ತ ಬಂದರು. ಅವರು ಅಂಥ ವಿಚಾರ ಮಾಡಿದವರಲ್ಲ. ಆದರೆ ಅವತ್ತು ನಾನು ವಾದ ಮಾಡಲಿಲ್ಲ.

ಮರುದಿನ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಅವ್ವನ ಫೋನ್ ಬಂತು. "ಇಕೀಗೆ ತಿಳಿಸಿ ಹೇಳವಾ ನೀ. ಸುರಗಿ ದಾರ ನಾ ಹಿಡೀತೀನಿ ಅಂದ್ರ, ಹಿರೇರು ಸುಮ್ನ ಕುಂದರಬೇಕಂತಾಳ. ನನಗ ಹೇಳ್ತಾಳ!" ಹಿಂದಿನಿಂದ ಮಾವಶಿಯ ದನಿ, "ನಾ ಹಂಗ ಅಂದೇ ಇಲ್ಲ! ಸುಳ್ಳ ಹೇಳಬ್ಯಾಡ!" ಅವ್ವ, "ಈಗ ಅಂದಿ, ಇದ ಬಾಯಿಂದ ಅಂದಿ." ಮಾವಶಿ ಏನೋ ಮರಾಠಿಯಲ್ಲಿ ಬೈದಳು, ಅವ್ವ ಮರಾಠಿಯಲ್ಲೇ ತಿರುಗಿ ಬೈದಳು. ನಾನು ಫೋನಿನಲ್ಲಿದ್ದೇನೆ ಎಂಬುದನ್ನು ಇಬ್ಬರೂ ಮರೆತಿದ್ದರು.

ನಾನು ಸ್ಪೀಕರಿಗೆ ಹಾಕಿ ಫೋನನ್ನು ತಾಟಿನ ಪಕ್ಕದಲ್ಲಿಟ್ಟೆ. 'ರೆಕಾರ್ಡ್ ಮಾಡ್ಲೇನು' ಎಂದು ಸನ್ನೆ ಮಾಡಿ ನಮ್ಮವರು ಕೈ ಚಾಚಿದರು. ಆ ಕೈಯ ಮೇಲೆ ಒಂದು ಕೊಟ್ಟೆ. ಖಾನಾಪುರದಲ್ಲಿ ಜಗಳ ಜೋರಾಗಿ ನಡೆದಿತ್ತು. ಊಟ ಮುಗಿಯುವವರೆಗೂ ನಾನು ಫೋನ್ ಇಡಲಿಲ್ಲ.